ಬೈಕ್ ಸರ್ವಿಸ್: ಕೇಳದೆ ಮಾಡಿದ ಕೆಲಸಕ್ಕೂ ನಾವೇ ದುಡ್ಡು ಕೊಡಬೇಕಾ?

ಸಂಪಾದಕರಿಗೆ ನಮಸ್ಕಾರ.

ಬೈಕ್ ಸರ್ವಿಸ್ ದುಬಾರಿಯಾಯಿತು ಎಂದು ಓದುಗರೊಬ್ಬರು ಬರೆದ ಪತ್ರ ಓದಿದೆ. ಅದಕ್ಕೆ ಇನ್ನೊಬ್ಬರು "ಶೋರೂಮಿಗೆ ಯಾಕೆ ಹೋಗ್ತೀರಿ, ಮನೆಯಲ್ಲೇ ಮಾಡ್ಕೊಳ್ಳಿ" ಎಂದು ಕೊಟ್ಟ ಉತ್ತರವನ್ನೂ ಓದಿದೆ. ಇಬ್ಬರದ್ದೂ ಅರ್ಧರ್ಧ ಸರಿ. ನಾನು ಹೊಸನಗರ ತಾಲ್ಲೂಕಿನ ನಗರ ಹೋಬಳಿಯವನು. ನಮ್ಮ ಕಡೆ ಬೈಕ್ ಅಂದ್ರೆ ಶೋಕಿ ಅಲ್ಲ. ಡೈರಿಗೆ ಹಾಲು, ಬಸ್ ಸ್ಟ್ಯಾಂಡಿಗೆ ಮಕ್ಕಳು, ತೋಟಕ್ಕೆ ಗೊಬ್ಬರದ ಚೀಲ, ಎಲ್ಲ ಅದರ ಮೇಲೇ. ಅದು ಒಂದು ದಿನ ನಿಂತರೆ ಮನೆಯ ಅರ್ಧ ಕೆಲಸ ನಿಂತ ಹಾಗೆ.

ಮೊದಲು ಬಿಲ್ಲಿನ ಮಾತು. ಕಳೆದ ಮಳೆಗಾಲಕ್ಕೆ ಮುಂಚೆ ಶಿವಮೊಗ್ಗದ ಒಂದು ಡೀಲರ್ ಹತ್ತಿರ ಬೈಕ್ ಬಿಟ್ಟಿದ್ದೆ, ಹೆಸರು ಬೇಡ. ನೂರು ಸಿಸಿ ಚಿಲ್ಲರೆಯ ಸಾಧಾರಣ ಬೈಕು, ಹೊಗೆ ಮಿತಿಯ ಈಚಿನ ನಿಯಮದ ಬಿಎಸ್‌6. ಬೆಳಿಗ್ಗೆ ಜಾಬ್ ಕಾರ್ಡಿಗೆ ಸಹಿ ಹಾಕುವಾಗ ನಾನು ಹೇಳಿದ್ದು ಎರಡೇ: ಆಯಿಲ್ ಬದಲಿಸಿ, ಹಿಂದಿನ ಬ್ರೇಕ್ ನೋಡಿ. ಸಂಜೆ ಬಿಲ್ ಬಂತು. ಆಯಿಲ್ 430, ಲೇಬರ್ 550, ವಾಷಿಂಗ್ ಮತ್ತು ಪಾಲಿಶ್ 200, ಚೈನ್ ಕ್ಲೀನ್ ಮತ್ತು ಲೂಬ್ 150, ಇಂಜೆಕ್ಟರ್ ಕ್ಲೀನರ್ 250, ಕನ್ಸ್ಯೂಮಬಲ್ಸ್ ಅಂತ 90. ಆಯಿಲ್ ಬಿಟ್ಟು ಉಳಿದಿದ್ದಕ್ಕೆಲ್ಲ 18 ಪರ್ಸೆಂಟ್ ಜಿಎಸ್‌ಟಿ. ಒಟ್ಟು 1,893 ರೂಪಾಯಿ. ಕನ್ಸ್ಯೂಮಬಲ್ಸ್ ಅಂದ್ರೆ ಏನು ಎಂದು ಕೇಳಿದೆ. "ಬಟ್ಟೆ, ಗ್ರೀಸು, ಅದೆಲ್ಲ ಸಾರ್" ಎಂದ ಕೌಂಟರಿನ ಹುಡುಗ. ಬಟ್ಟೆಗೂ ಬಿಲ್ ಹಾಕುತ್ತಾರೆ ಮಾರಾಯ್ರೆ!

ಅದು ಹೋಗಲಿ. ಚೈನ್ ಕ್ಲೀನ್ ನೋಡಿ. ನನ್ನ ಬೈಕಿಗೆ ಪೂರ್ತಿ ಮುಚ್ಚಿದ ಚೈನ್ ಕವರ್ ಇದೆ, ಮಲೆನಾಡಿನ ಕೆಸರಿಗೆ ಅದೇ ಸರಿ ಎಂದು ನೋಡಿಯೇ ತಗೊಂಡಿದ್ದು. ಆ ಕವರ್ ಬಿಚ್ಚದೆ ಚೈನ್ ತೊಳೆಯಲು ಆಗುವುದಿಲ್ಲ. ಮನೆಗೆ ಬಂದು ಬಗ್ಗಿ ನೋಡಿದರೆ ಕವರಿನ ಸ್ಕ್ರೂ ತಲೆಯ ಗೀರಿನಲ್ಲಿ ಕೆಮ್ಮಣ್ಣು ಒಣಗಿ ಗಟ್ಟಿಯಾಗಿ ಹಾಗೇ ಕೂತಿದೆ. ಸ್ಕ್ರೂಡ್ರೈವರ್ ಇಟ್ಟಿದ್ದರೆ ಆ ಮಣ್ಣು ಅಲ್ಲಿ ಇರುತ್ತಲೇ ಇರಲಿಲ್ಲ. ಟೈರಿಗೆ ಮಾತ್ರ ಪಾಲಿಶ್ ಹೊಡೆದು ಮಿರಮಿರ ಮಿಂಚಿಸಿದ್ದರು. ನಮ್ಮ ಮನೆ ದಾರಿಗೆ ಬಂದ ಮೇಲೆ ಆ ಮಿಂಚು ಎಷ್ಟು ಹೊತ್ತು ಉಳಿಯುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಇಂಜೆಕ್ಟರ್ ಕ್ಲೀನರ್ ಅಂದ್ರೆ, ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಶುಚಿಯಾಗಲಿ ಎಂದು ಟ್ಯಾಂಕಿಗೆ ಸುರಿಯುವ ಒಂದು ಸಣ್ಣ ಬಾಟಲಿ. ಬೈಕಿನ ಜೊತೆ ಕೊಡುವ ಪುಸ್ತಕದಲ್ಲಿ ಯಾವ ಕಿಲೋಮೀಟರಿಗೆ ಏನು ಮಾಡಬೇಕು ಎಂದು ಕೋಷ್ಟಕ ಇರುತ್ತದೆ, ಅಲ್ವಾ? ಅದನ್ನು ತೆಗೆದು ನೋಡಿದೆ. ಈ ಬಾಟಲಿಯ ಸುದ್ದಿಯೇ ಇಲ್ಲ. ಅಲ್ಲೇ ಕೆಲಸ ಮಾಡುವ ಹುಡುಗನೊಬ್ಬ ಆಮೇಲೆ ಮೆಲ್ಲಗೆ ಹೇಳಿದ, ತಿಂಗಳಿಗೆ ಇಂತಿಷ್ಟು ಬಾಟಲಿ ಹೋಗಬೇಕು ಅಂತ ಮೇಲಿನಿಂದ ಟಾರ್ಗೆಟ್ ಇರುತ್ತದಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಸಿಗುವ ಸಂಬಳ ನೋಡಿದರೆ ಪಾಪ ಅನಿಸುತ್ತದೆ.

ಬಿಲ್ಲಿನಲ್ಲಿ ಬಾರದ ಖರ್ಚು ಇನ್ನೊಂದಿದೆ. ನಮ್ಮೂರಿಂದ ಶಿವಮೊಗ್ಗಕ್ಕೆ ಹೋಗಿ ಬರಲು 150 ಕಿಲೋಮೀಟರ್ ದಾಟುತ್ತದೆ. ಪೆಟ್ರೋಲು, ಊಟ, ಒಂದು ದಿನದ ಕೆಲಸ. ಹತ್ತಿರದ ಪೇಟೆಯಲ್ಲಿ ಸರ್ವಿಸ್ ಪಾಯಿಂಟ್ ಇದ್ದರೂ ಎಷ್ಟೋ ಸಲ ಸ್ಪೇರ್ ಇರುವುದಿಲ್ಲ, ಬೈಕಿನ ಎಲೆಕ್ಟ್ರಾನಿಕ್ ದೋಷ ಓದುವ ಸ್ಕ್ಯಾನರ್ ಇರುವುದಿಲ್ಲ, "ಶಿವಮೊಗ್ಗಕ್ಕೇ ಹೋಗಿ" ಎನ್ನುತ್ತಾರೆ. ಫ್ರೀ ಸರ್ವಿಸ್ ಕತೆಯೂ ಹೀಗೇ. ಫ್ರೀ ಅಂದ್ರೆ ಲೇಬರ್ ಮಾತ್ರ ಫ್ರೀ. ಆಯಿಲು, ಫಿಲ್ಟರು, ವಾಷರು ಎಲ್ಲ ದುಡ್ಡು ಕೊಟ್ಟೇ.

ಈಗ ಮನೆಯಲ್ಲಿ ಮಾಡಿಕೊಳ್ಳುವ ವಿಷಯ. ಸಣ್ಣ ಬೈಕಿನ ಆಯಿಲ್ ಬದಲಿಸುವುದು ಬ್ರಹ್ಮವಿದ್ಯೆಯೇನೂ ಅಲ್ಲ. ಎಂಜಿನ್ ನಾಲ್ಕೈದು ನಿಮಿಷ ಓಡಿಸಿ ಸ್ವಲ್ಪ ಬಿಸಿ ಮಾಡಬೇಕು, ಆಗ ಆಯಿಲ್ ತೆಳುವಾಗಿ ಪೂರ್ತಿ ಇಳಿಯುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಅಡಿಗೆ ಹಳೇ ಬೇಸಿನ್ ಇಟ್ಟು, ಡ್ರೈನ್ ಬೋಲ್ಟ್ ಬಿಚ್ಚುವುದು. ನನ್ನ ಬೈಕಿಗೆ 17ರ ಸ್ಪ್ಯಾನರ್. ಇಳಿದ ಆಯಿಲ್ ಬರೀ ಕಪ್ಪಗಿದ್ದರೆ ಚಿಂತೆ ಇಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಅಂತ ಅರ್ಥ, ಮಳೆಗಾಲದಲ್ಲಿ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ನಿಲ್ಲಿಸುವಷ್ಟು ಹತ್ತಿರ ಹತ್ತಿರವೇ ಓಡಾಡುವ ಬೈಕುಗಳಲ್ಲಿ ಇದು ಜಾಸ್ತಿ. ಬೋಲ್ಟ್ ಹಾಕುವಾಗ ಮೊದಲು ಕೈಯಲ್ಲೇ ತಿರುಗಿಸಬೇಕು. ಅದು ಕೂರುವ ಜಾಗ ಅಲ್ಯೂಮಿನಿಯಂ, ಓರೆಯಾಗಿ ಹತ್ತಿಸಿದರೆ ಅಥವಾ ಭೀಮನ ಶಕ್ತಿ ತೋರಿಸಿದರೆ ಥ್ರೆಡ್ ಹೋಗುತ್ತದೆ, ಆಮೇಲೆ ಉಳಿಸಿದ ದುಡ್ಡಿನ ಹತ್ತರಷ್ಟು ಕೈಯಿಂದ ಹೋಗುತ್ತದೆ. ವಾಷರ್ ಹೊಸದು ಹಾಕಿ, ಅದರ ಬೆಲೆ ಚಿಲ್ಲರೆ ಕಾಸು.

ಆಯಿಲ್ ಯಾವುದು ಎನ್ನುವುದೇ ಮುಖ್ಯ. ಡಬ್ಬದ ಮೇಲೆ 10ಡಬ್ಲ್ಯು-30 ಅಥವಾ 20ಡಬ್ಲ್ಯು-40 ಎಂದು ಇರುತ್ತದೆ, ಅದು ಆಯಿಲ್ ಎಷ್ಟು ದಪ್ಪ ಎನ್ನುವ ಲೆಕ್ಕ, ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಅದರ ಜೊತೆ ಜಾಸೋ ಎಂಎ ಅಥವಾ ಎಂಎ2 ಎಂದು ಬರೆದಿದೆಯಾ ನೋಡಿ, ಅದು ಬೈಕ್ ಆಯಿಲಿಗೆ ಜಪಾನಿನವರು ಮಾಡಿದ ಗುಣಮಟ್ಟದ ಗುರುತು. ಗೇರ್ ಬೈಕಿನಲ್ಲಿ ಕ್ಲಚ್ ಪ್ಲೇಟ್ ಇದೇ ಆಯಿಲಿನಲ್ಲಿ ಮುಳುಗಿರುತ್ತದೆ. ಮನೆಯಲ್ಲಿ ಕಾರಿನ ಆಯಿಲ್ ಉಳಿದಿದೆ ಎಂದು ಅದನ್ನೇ ಸುರಿದರೆ ಕ್ಲಚ್ ಜಾರಲು ಶುರುವಾಗಬಹುದು, ಎಕ್ಸಲೇಟರ್ ಕೊಟ್ಟರೆ ಶಬ್ದ ಬರುತ್ತದೆ, ಬೈಕ್ ಏರು ಹತ್ತುವುದಿಲ್ಲ. ಸ್ಕೂಟರಿನ ಲೆಕ್ಕ ಬೇರೆ, ಅದಕ್ಕೆ ಎಂಬಿ. ಇನ್ನೊಂದು ವಿಷಯ, ನೂರು ಸಿಸಿಯ ಕೆಲವು ಬೈಕುಗಳಲ್ಲಿ ಬದಲಿಸುವಂಥ ಆಯಿಲ್ ಫಿಲ್ಟರ್ರೇ ಇರುವುದಿಲ್ಲ, ತೊಳೆದು ಹಾಕುವ ಜಾಲರಿ ಇರುತ್ತದೆ ಅಷ್ಟೇ. ನಿಮ್ಮ ಬೈಕಿನಲ್ಲಿ ಏನಿದೆ ಎಂದು ಗೊತ್ತಿದ್ದರೆ ಬಿಲ್ಲಿನಲ್ಲಿ 'ಆಯಿಲ್ ಫಿಲ್ಟರ್' ಎಂದು ಕಂಡಾಗ ಬಾಯಿ ಬಿಟ್ಟು ಕೇಳಬಹುದು. ಮನೆಯಲ್ಲಿ ಕೈ ಕಪ್ಪು ಮಾಡಿಕೊಂಡವನಿಗೆ ಸಿಗುವ ದೊಡ್ಡ ಲಾಭ ಇದೇ, ಬಿಲ್ ಓದಲು ಬರುತ್ತದೆ.

ನಮ್ಮ ಊರುಗಳಿಗೆ ಪುಸ್ತಕದ ಕೋಷ್ಟಕ ಪೂರ್ತಿ ಹೊಂದುವುದಿಲ್ಲ ಎನ್ನುವುದೂ ಇದೆ. ಬಯಲುಸೀಮೆಯ ಟಾರ್ ರಸ್ತೆಯಲ್ಲಿ ಓಡುವ ಬೈಕಿಗೂ ಆಗುಂಬೆ, ಹುಲಿಕಲ್ಲು ಕಡೆಯ ಮಳೆಯಲ್ಲಿ ಓಡುವ ಬೈಕಿಗೂ ಒಂದೇ ಲೆಕ್ಕ ಹಾಕಲು ಆಗುತ್ತಾ? ಹಳ್ಳ ದಾಟಿದರೆ ಡ್ರಮ್ ಒಳಗೆ ನೀರು ನುಗ್ಗಿ ಬ್ರೇಕ್ ಹಿಡಿಯುವುದಿಲ್ಲ, ಸ್ವಲ್ಪ ದೂರ ಬ್ರೇಕ್ ಮೆಲ್ಲಗೆ ಒತ್ತಿಕೊಂಡೇ ಹೋಗಿ ಒಣಗಿಸಬೇಕು. ಕವರ್ ಇಲ್ಲದ ಚೈನಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಆಯಿಲ್ ಕಾಣಿಸಬೇಕು, ಅದಕ್ಕೆ 90ರ ಗೇರ್ ಆಯಿಲ್ ಸಾಕು. ಚೈನ್ ಎಷ್ಟು ಸಡಿಲ ಇರಬೇಕು ಎಂದು ಪುಸ್ತಕದಲ್ಲಿದೆ, ಸಣ್ಣ ಬೈಕುಗಳಿಗೆ ಸಾಮಾನ್ಯವಾಗಿ ಎರಡೂವರೆ ಸೆಂಟಿಮೀಟರ್ ಆಚೀಚೆ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತದ ದ್ರಾವಣ ಬೈಕಿನ ಮೇಲೆ ಸಾಗಿಸುವವರು ಮರೆಯದೆ ನೀರು ಹಾಕಿ ತೊಳೆಯಿರಿ. ಅದು ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ. ಇದನ್ನು ಯಾವ ಕಂಪನಿಯ ಪುಸ್ತಕವೂ ಹೇಳುವುದಿಲ್ಲ. ಕೊಟ್ಟಿಗೆಯಲ್ಲಿ ನಿಲ್ಲಿಸಿದ ಬೈಕಿನ ವೈರ್ ಇಲಿ ಕಡಿಯುವುದನ್ನೂ ಹೇಳುವುದಿಲ್ಲ.

ವಾಟರ್ ಸರ್ವಿಸ್ ಬಗ್ಗೆ ಒಂದು ಮಾತು. ಜೋರು ಪ್ರೆಶರ್ ನೀರನ್ನು ಚಕ್ರದ ನಡುವಿಗೆ, ವೈರಿನ ಕಪ್ಲರುಗಳಿಗೆ ನೇರ ಹೊಡೆಸಬೇಡಿ. ಬೇರಿಂಗಿನ ಗ್ರೀಸ್ ತೊಳೆದು ಹೋಗುತ್ತದೆ. ಬಕೆಟ್ ನೀರು, ಹಳೇ ಬನಿಯನ್ ಸಾಕು.

ಏರ್ ಫಿಲ್ಟರಿನಲ್ಲಿ ಹುಷಾರಾಗಿರಬೇಕು. ಸ್ಪಂಜಿನದಾದರೆ ತೊಳೆಯಬಹುದು. ಈಗಿನ ಹೆಚ್ಚಿನ ಬೈಕುಗಳಲ್ಲಿ ಎಣ್ಣೆ ಸವರಿದ ಕಾಗದದ ಫಿಲ್ಟರ್ ಇರುತ್ತದೆ, ಅದನ್ನು ಗಾಳಿ ಹೊಡೆದು ಕ್ಲೀನ್ ಮಾಡುವಂತಿಲ್ಲ, ಬದಲಿಸಬೇಕು. ಅಷ್ಟರ ಆಚೆ, ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇನೆ ಎಂದು ಹಠ ಹಿಡಿಯುವುದು ನನಗೆ ಒಪ್ಪಿಗೆ ಇಲ್ಲ. 2020ರ ಏಪ್ರಿಲಿನಿಂದ ಬಿಎಸ್‌6 ಬಂದ ಮೇಲೆ ಕಾರ್ಬುರೇಟರ್ ಹೆಚ್ಚುಕಡಿಮೆ ಮಾಯವಾಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಮೀಟರಿನಲ್ಲಿ ಹಳದಿ ಎಂಜಿನ್ ದೀಪ ಹೊತ್ತಿ ಆರದಿದ್ದರೆ ಸುಮ್ನೆ ವೈರ್ ಕೆದಕಬೇಡಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಡಿಸ್ಕ್ ಬ್ರೇಕಿಗೂ ಕೈ ಹಾಕಬೇಡಿ. ಘಾಟಿ ಇಳಿಯುವ ಜನ ನಾವು.

ವಾರಂಟಿ ಇರುವವರೆಗೆ ಪುಸ್ತಕದಲ್ಲಿ ಹೇಳಿದ ಸರ್ವಿಸ್‌ಗಳನ್ನು ಕಂಪನಿಯ ಅಧಿಕೃತ ಕಡೆಯೇ ಮಾಡಿಸಿ, ಸೀಲ್ ಹಾಕಿಸಿಕೊಳ್ಳಿ. ತಪ್ಪಿಸಿದರೆ ನಾಳೆ ಎಂಜಿನ್ನಿಗೆ ಏನಾದರೂ ಆದಾಗ ಅದನ್ನೇ ನೆಪ ಮಾಡುತ್ತಾರೆ. ಆದರೆ "ಮನೆಯಲ್ಲಿ ಚೈನಿಗೆ ಆಯಿಲ್ ಹಾಕಿದರೆ ವಾರಂಟಿ ಹೋಗುತ್ತೆ" ಎಂದು ಹೆದರಿಸುವವರನ್ನು ನಂಬಬೇಡಿ. ಅದನ್ನು ಮಾಲೀಕನೇ ಮಾಡಿಕೊಳ್ಳಬಹುದು ಎಂದು ಎಷ್ಟೋ ಪುಸ್ತಕಗಳಲ್ಲೇ ಇರುತ್ತದೆ.

ಡೀಲರುಗಳಿಗೂ ಅವರ ಕಷ್ಟ ಇದೆ, ಒಪ್ಪುತ್ತೇನೆ. ಬಾಡಿಗೆ, ಕರೆಂಟು, ಮೆಷಿನ್ನು, ಜನ. 550 ರೂಪಾಯಿ ಲೇಬರ್ ಜಾಸ್ತಿ ಎಂದು ನಾನು ಹೇಳುತ್ತಿಲ್ಲ, ಕೆಲಸ ಮಾಡಿದರೆ ಕೊಡೋಣ. ನನ್ನ ತಕರಾರು ಒಂದೇ. ಕೇಳದೆ ಕೆಲಸ ಸೇರಿಸುವುದು, ಕೆಲವು ಸಲ ಮಾಡದ ಕೆಲಸವನ್ನೂ ಬರೆಯುವುದು. ಬೈಕ್ ಬಿಡುವಾಗಲೇ ಎಸ್ಟಿಮೇಟ್ ಬರೆದು ಕೊಡಲಿ, ಅದಕ್ಕಿಂತ ಜಾಸ್ತಿ ಆಗುವುದಾದರೆ ಫೋನ್ ಮಾಡಿ ಕೇಳಲಿ. ಬದಲಿಸಿದ ಹಳೇ ಸಾಮಾನನ್ನು ಕವರಿಗೆ ಹಾಕಿ ವಾಪಸ್ ಕೊಡಲಿ. ಯಾವ ಕೆಲಸಕ್ಕೆ ಎಷ್ಟು ಎಂದು ಕನ್ನಡದಲ್ಲಿ ದೊಡ್ಡದಾಗಿ ಬೋರ್ಡ್ ಹಾಕಲಿ. ಹೋಟೆಲಿನಲ್ಲಿ ದೋಸೆಗೆ ಎಷ್ಟು ಎಂದು ಗೋಡೆಯ ಮೇಲೆ ಬರೆದಿರುವಾಗ ಇಲ್ಲಿ ಯಾಕೆ ಆಗುವುದಿಲ್ಲ?

ಗ್ರಾಹಕರೂ ಸುಮ್ಮನಿರಬಾರದು. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನ್ಯಾಯದ ವ್ಯಾಪಾರ ಎಂದೇ ಹೇಳುತ್ತದೆ, ಹಾಗಾಗಿ ಬಿಲ್ ಕೇಳಿ ಪಡೆಯಿರಿ. ತಕರಾರು ಇದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ. 2025ರ ಸೆಪ್ಟೆಂಬರ್ 22ರಿಂದ ಬೈಕಿನ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ. ಬ್ರೇಕ್ ಶೂ, ಚೈನ್ ಸ್ಪ್ರಾಕೆಟ್ ತಗೊಳ್ಳುವಾಗ ಹಳೇ ರೇಟೇ ಹಾಕಿದ್ದಾರಾ ಎಂದು ನೋಡಿ.

ನಮ್ಮ ಹಳ್ಳಿ ಪೇಟೆಗಳ ಗ್ಯಾರೇಜ್ ಮೇಸ್ತ್ರಿಗಳನ್ನೂ ಮರೆಯುವಂತಿಲ್ಲ. ಮಳೆಯಲ್ಲಿ ಬೈಕ್ ನಿಂತಾಗ ರಾತ್ರಿ ಎಂಟಕ್ಕೆ ಬರುವವರು ಅವರೇ. ಅವರ ಹತ್ತಿರ ಈಗಿನ ಬೈಕುಗಳ ಸ್ಕ್ಯಾನರ್ ಇಲ್ಲ, ರಿಪೇರಿ ಪುಸ್ತಕ ಇಲ್ಲ. ಸ್ಪೇರ್, ರಿಪೇರಿ ಸಲಕರಣೆಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 2014ರಲ್ಲಿ, ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಎಂದು ನೋಡುವ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು. 2022ರಲ್ಲಿ ಕೇಂದ್ರದ ಗ್ರಾಹಕ ಇಲಾಖೆ 'ರೈಟ್ ಟು ರಿಪೇರ್' (ರಿಪೇರಿ ಹಕ್ಕು) ಎಂಬ ಪೋರ್ಟಲ್ ಕೂಡ ತೆರೆಯಿತು. ನಮ್ಮ ಮೇಸ್ತ್ರಿಗಳ ಕೈಗೆ ಇದರಿಂದ ಏನು ಬಂತು? ಜಿಲ್ಲೆಯ ಐಟಿಐಗಳು ಭಾನುವಾರ ಒಂದೊಂದು ತರಗತಿ ಇಟ್ಟು ಇವರಿಗೆ ಇಂಜೆಕ್ಷನ್ ಕೆಲಸ, ಆಸಕ್ತಿ ಇರುವ ನಮ್ಮಂಥವರಿಗೆ ಆಯಿಲ್, ಚೈನ್, ಬ್ರೇಕ್ ಕೆಲಸ ಹೇಳಿಕೊಟ್ಟರೆ ಫೀಸ್ ಕೊಟ್ಟು ಬರುವವರು ಬೇಕಾದಷ್ಟು ಜನ ಇದ್ದಾರೆ.

ಮನೆಯಲ್ಲಿ ಆಯಿಲ್ ಬದಲಿಸುವವರಿಗೆ ಕೊನೆಯದಾಗಿ ಒಂದು ವಿನಂತಿ. ಹಳೇ ಆಯಿಲನ್ನು ದಯವಿಟ್ಟು ಚರಂಡಿಗೆ, ಹಳ್ಳಕ್ಕೆ ಸುರಿಯಬೇಡಿ. ನಮ್ಮ ಹಳ್ಳಗಳೆಲ್ಲ ಕೊನೆಗೆ ಶರಾವತಿಯಂಥ ನದಿಗಳಿಗೇ ಸೇರುತ್ತವೆ. ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅಲ್ಲಿಂದ ಒಯ್ಯುವವರು ಇರುತ್ತಾರೆ. ಪಟ್ಟಣ ಪಂಚಾಯಿತಿಯವರು ಕಸದ ಗಾಡಿಯ ಜೊತೆ ತಿಂಗಳಿಗೊಮ್ಮೆ ಇದನ್ನೂ ಸಂಗ್ರಹಿಸುವ ವ್ಯವಸ್ಥೆ ಮಾಡಿದರೆ ಇನ್ನೂ ಒಳ್ಳೆಯದು. ಡೀಲರುಗಳಲ್ಲಿ ಯಾರಾದರೂ ಈ ಪತ್ರ ಓದಿ ರೇಟಿನ ಬೋರ್ಡ್ ಹಾಕಿದರೆ ನಿಮ್ಮ ಪತ್ರಿಕೆಗೆ ತಿಳಿಸಲಿ, ನಾನು ಮುಂದಿನ ಸರ್ವಿಸ್ ಅಲ್ಲೇ ಮಾಡಿಸುತ್ತೇನೆ.

ಒಬ್ಬ ಓದುಗ,
ನಗರ ಹೋಬಳಿ, ಹೊಸನಗರ ತಾಲ್ಲೂಕು