ಟೇಲರ್ ಅಲ್ವೇನೋ ನೀನು?

ಶಿರಸಿ
ಭಾನುವಾರ ರಾತ್ರಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿ ನಗು ಬಂತು. ಬೆಂಗಳೂರಿನ ಸಿಗ್ನಲ್ಲುಗಳಲ್ಲಿ ನಿಂತು ನಿಂತು ತಲೆಕೆಟ್ಟು, "ಟ್ರಾಫಿಕ್ ಪೊಲೀಸರ ಜೊತೆ ಸಂಬಳವಿಲ್ಲದೆ ನಿಲ್ತಾರಲ್ಲ, ಆ ಟ್ರಾಫಿಕ್ ವಾರ್ಡನ್ ನಾನೇ ಆಗಿಬಿಡ್ತೇನೆ, ಶನಿವಾರ ಭಾನುವಾರ ಹೇಗೂ ಖಾಲಿ. ನೀನು ಖಾಕಿ ಹಾಕಿ ಏಳು ವರ್ಷ ಆಯ್ತಲ್ಲ, ಹೇಗಿರ್ತದೆ ಹೇಳು" ಅಂತ ಬರೆದಿದ್ದೀ. ಅದು ವಾಟ್ಸಾಪಿನಲ್ಲಿ ನಾಲ್ಕು ಸಾಲು ಕುಟ್ಟಿ ಮುಗಿಸುವಂಥದ್ದಲ್ಲ ಮಾರಾಯಾ. ನಾಳೆ ಕೊಡಬೇಕಾದ ಎರಡು ಬ್ಲೌಸಿಗೆ ಹುಕ್ಕು ಹಾಕುವುದು ಬಾಕಿ ಇದೆ. ಅದನ್ನು ಬದಿಗಿಟ್ಟು ಬರೆಯುತ್ತಿದ್ದೇನೆ.

ಸರಕಾರದ ಕಾಗದದಲ್ಲಿ ನಾವು ಗೃಹರಕ್ಷಕರು. ಊರ ಬಾಯಲ್ಲಿ ಹೋಂ ಗಾರ್ಡ್. ನಾವಿಲ್ಲ ಅಂದುಕೊಂಡು ಮಾತಾಡುವಾಗ ಅರ್ಧ ಪೊಲೀಸ್. ಮೂರನೆಯದೇ ಸತ್ಯಕ್ಕೆ ಹತ್ತಿರ ಅಂತ ನನಗೆ ಮೊದಲ ದಿನವೇ ಗೊತ್ತಾಯಿತು. ನನಗೆ ಸಿಕ್ಕಿದ ಖಾಕಿ ಅಂಗಿಯೊಳಗೆ ಇನ್ನೊಬ್ಬ ಹೋಂ ಗಾರ್ಡ್ ಹಿಡಿಸುತ್ತಿದ್ದ. ಭುಜ ಮೊಣಕೈಗೆ ಇಳಿದಿತ್ತು. ರಾತ್ರಿ ಕೂತು ಪೂರ್ತಿ ಬಿಚ್ಚಿ ನನ್ನ ಅಳತೆಗೆ ಹೊಲಿದುಕೊಂಡೆ. ಮುಂದಿನ ಭಾನುವಾರ ಕವಾಯತಿಗೆ ಹೋದರೆ, ಘಟಕಾಧಿಕಾರಿಗಳು ನನ್ನ ಸುತ್ತ ಒಂದು ಸುತ್ತು ಬಂದು ನೋಡಿ, "ಇದನ್ನ ಯಾರತ್ರ ಹೊಲಿಸಿದೆ?" ಅಂದರು. ಆ ತಿಂಗಳು ನಮ್ಮ ಘಟಕದ ಹನ್ನೊಂದು ಅಂಗಿ ನನ್ನ ಮಿಷನ್ನಿನ ಕೆಳಗೆ ಹಾದು ಹೋದವು. ನಾನು ಮಾಡಿದ ಮೊದಲ ಬಂದೋಬಸ್ತು ಅದೇ ಅನ್ನು.

ಇದರ ಹುಟ್ಟು ನಮ್ಮ ಊರಿನದ್ದಲ್ಲ. 1946ರ ಡಿಸೆಂಬರ್ 6ಕ್ಕೆ ಬೊಂಬಾಯಿಯಲ್ಲಿ, ಗಲಭೆಗಳ ಹೊತ್ತಿನಲ್ಲಿ, ಪೊಲೀಸರ ಜೊತೆಗೆ ನಿಲ್ಲಲಿ ಅಂತ ನಾಗರಿಕರನ್ನೇ ಸೇರಿಸಿ ಕಟ್ಟಿದ ದಳ. ಈಗಲೂ ಆ ತಾರೀಕಿಗೆ ನಮ್ಮದು ದಿನಾಚರಣೆ. ಚೀನಾ ಯುದ್ಧ ಆದ 1962ರಲ್ಲೇ ನಮ್ಮ ರಾಜ್ಯದ ಗೃಹರಕ್ಷಕ ಕಾಯ್ದೆಯೂ ಬಂತು. ಆ ಕಾಯ್ದೆ ಓದಿದರೆ ಎದೆ ಉಬ್ಬುತ್ತದೆ: ಕರ್ತವ್ಯಕ್ಕೆ ಕರೆದಷ್ಟು ಹೊತ್ತು ಹೋಂ ಗಾರ್ಡಿಗೆ ಪೊಲೀಸನಿಗಿರುವ ಅಧಿಕಾರ, ರಕ್ಷಣೆ ಎಲ್ಲ ಇದೆ. ಬೀದಿಗೆ ಇಳಿದರೆ ಆ ಎದೆ ತಾನಾಗೇ ಒಳಗೆ ಹೋಗುತ್ತದೆ. ಎಫ್‌ಐಆರ್ ಬರೆಯುವವ ನಾನಲ್ಲ, ದಂಡದ ರಸೀದಿ ಹರಿಯುವವನೂ ನಾನಲ್ಲ. ಕೈಯಲ್ಲಿ ಲಾಠಿ ಇದ್ದರೂ ಪಕ್ಕದಲ್ಲಿರುವ ಪೊಲೀಸರು ಹೇಳದೆ ಅದು ಊರುಗೋಲು ಅಷ್ಟೆ. ಉಳಿಯುವುದು ಒಂದು ಸೀಟಿ, ಒಂದು ಹಗ್ಗ, ಮತ್ತೆ ನಾಲ್ಕು ಜನರ ಪರಿಚಯ.

ಆ ಪರಿಚಯದ ಸುದ್ದಿಯೇ ನಿನಗೆ ಹೇಳಬೇಕಾದದ್ದು.

2024ರ ಮಾರಿಕಾಂಬೆ ಜಾತ್ರೆಗೆ ನೀನು ಬರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೂ ನಿನಗೆ ರಜೆ ಸಿಗುವುದಿಲ್ಲ, ಇರಲಿ. ಬಿಡಕಿಬೈಲಿನ ಗದ್ದುಗೆಯಲ್ಲಿ ದೇವಿ ಕೂತ ಮೇಲೆ ಊರು ಊರಾಗಿ ಇರುವುದಿಲ್ಲ ಅಂತ ನಿನಗೂ ಗೊತ್ತು. ಉಡಿ ತುಂಬುವವರ ಸಾಲು, ಬಳೆ ಅಂಗಡಿ, ತೊಟ್ಟಿಲು, ನಾಟಕದ ಕಂಪನಿಗಳ ಮೈಕು. ನನ್ನ ಪಾಯಿಂಟು ಸಾಲಿನ ತುದಿಯಲ್ಲಿ, ಹಗ್ಗದ ಹತ್ತಿರ. ರಾತ್ರಿ ಹತ್ತೂವರೆ ಹೊತ್ತಿಗೆ ಒಬ್ಬ ಹಗ್ಗದ ಕೆಳಗೆ ನುಸುಳಿ ಸಾಲಿನ ನಡುವಿಗೆ ಬಂದ. ಕುಡಿದಿದ್ದ. ಹೆಂಗಸರು ಬೈಯಲು ಶುರುಮಾಡಿದರು. ನಾನು ಹೋಗಿ ತೋಳು ಹಿಡಿದೆ. ಅವ ನನ್ನ ಮುಖ ನೋಡಿದ, ಟೋಪಿ ನೋಡಿದ, ಮತ್ತೆ ಮುಖ ನೋಡಿದ.

"ಟೇಲರ್ ಅಲ್ವೇನೋ ನೀನು? ನನ್ನ ಪ್ಯಾಂಟಿನ ಕಾಲು ಒಂದಿಂಚು ಗಿಡ್ಡ ಮಾಡಿ ಕೊಟ್ಟವ, ಈಗ ನನ್ನನ್ನೇ ಹಿಡಿಯೋಕೆ ಬಂದ್ಯಾ?"

ಸಾಲಿಗೆ ಸಾಲೇ ನಕ್ಕಿತು. ನನ್ನ ಕಿವಿ ಬಿಸಿಯಾದದ್ದು ಇವತ್ತಿಗೂ ನೆನಪಿದೆ. ಎಳೆದುಕೊಂಡು ಹೋಗಿ ಪೊಲೀಸರ ಕೈಗೆ ಒಪ್ಪಿಸಬಹುದಿತ್ತು. ಕೈಯೂ ಬಿಗಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಬಗ್ಗಿ ಅವನ ಕಾಲು ನೋಡಿದೆ. ಗಿಡ್ಡವೇ ಆಗಿತ್ತು ಮಾರಾಯಾ! ಪಾದದ ಗೆಣ್ಣು ಪೂರ್ತಿ ಕಾಣುತ್ತಿತ್ತು. "ಹೌದೋ, ನನ್ನದೇ ತಪ್ಪು. ಒಳಗೆ ಬಟ್ಟೆ ಮಡಚಿ ಬಿಟ್ಟಿದ್ದೇನೆ, ಬಿಚ್ಚಿ ಸರಿ ಮಾಡಿಕೊಡ್ತೇನೆ. ಈಗ ಹಗ್ಗದಿಂದ ಈಚೆ ಬಾ, ಅಳತೆ ನೋಡ್ವ" ಅಂದೆ. ಅವ ದೊಡ್ಡ ನ್ಯಾಯ ಗೆದ್ದವನ ಹಾಗೆ ನನ್ನ ಜೊತೆ ಈಚೆ ಬಂದ. ಚಪ್ಪರದ ಕಂಬಕ್ಕೆ ಒರಗಿಸಿ ಕೂರಿಸಿದೆ, ಹತ್ತು ನಿಮಿಷಕ್ಕೆ ನಿದ್ದೆ ಹೋದ.

ಜಾತ್ರೆ ಮುಗಿದ ವಾರ ಅದೇ ಪ್ಯಾಂಟು ತೊಳೆದು ಮಡಚಿಕೊಂಡು ಅಂಗಡಿಗೆ ಬಂದ. ಅವನೂ ಆ ರಾತ್ರಿಯ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಮಡಿಕೆ ಬಿಚ್ಚಿ ಒಂದಿಂಚು ಇಳಿಸಿಕೊಟ್ಟೆ. ಬೇಡ ಅಂದರೂ ಮೂವತ್ತು ರೂಪಾಯಿ ಮೇಜಿನ ಮೇಲೆ ಇಟ್ಟು ಹೋದ.

ಪೊಲೀಸರಿಗೆ ವರ್ಗ ಇದೆ. ಮೂರು ವರ್ಷ ಇಲ್ಲಿ, ಆಮೇಲೆ ಕಾರವಾರವೋ ಭಟ್ಕಳವೋ. ಬೈದದ್ದು, ಬೈಸಿಕೊಂಡದ್ದು ಎಲ್ಲ ಹಿಂದಿನ ಊರಲ್ಲೇ ಉಳಿಯುತ್ತದೆ. ಹೋಂ ಗಾರ್ಡಿಗೆ ವರ್ಗ ಇಲ್ಲ. ರಾತ್ರಿ ಯಾರನ್ನು ಗದರಿದೆನೋ ಅವನ ಅಂಗಡಿಯಲ್ಲೇ ಬೆಳಿಗ್ಗೆ ಹಾಲು ತರಬೇಕು. ಇದು ಒಳ್ಳೆಯದೋ ಕೆಟ್ಟದ್ದೋ ಅಂತ ನಾನು ಇನ್ನೂ ತೀರ್ಮಾನ ಮಾಡಿಲ್ಲ. ಗದರುವ ಮೊದಲು ಒಂದು ಉಸಿರು ತಡೆಯುತ್ತೇನೆ, ಅಷ್ಟು ಲಾಭ ಆಗಿದೆ. ನಷ್ಟವೂ ಇದೆ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವರೆಲ್ಲ ಐದು ರಸ್ತೆ ಸರ್ಕಲ್ಲಿನಿಂದಲೇ ನನಗೆ ಫೋನು ಹಚ್ಚುತ್ತಾರೆ, "ಸಾಹೇಬ್ರಿಗೆ ಒಂದು ಮಾತು ಹೇಳು" ಅಂತ. ಹೇಳುವುದಿಲ್ಲ ಅಂದದ್ದಕ್ಕೆ ಹೆಂಡತಿಯ ಕಡೆಯ ಒಬ್ಬ ನೆಂಟ ಎರಡು ಚೌತಿಗೆ ನಮ್ಮ ಮನೆಗೆ ಬಂದಿಲ್ಲ. ಅವನ ಪಾಲಿನ ಪಂಚಕಜ್ಜಾಯ ನಾನೇ ತಿಂದೆ ಬಿಡು.

ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ ಇರುತ್ತದಲ್ಲ, ಆ ರಾತ್ರಿಗಳ ಡ್ಯೂಟಿ ನನಗೆ ಇಷ್ಟ. ನವಿಲುಗರಿ ಕಟ್ಟಿದ ಬೇಡ ಹಲಗೆಯ ಪೆಟ್ಟಿಗೆ ಎಗರಿ ಎಗರಿ ಜನರ ಮೇಲೆ ಬರುತ್ತಾನೆ, ಹಿಂದೆ ಹಗ್ಗ ಹಿಡಿದವರು ಜಗ್ಗಿ ಎಳೆಯುತ್ತಾರೆ. ಸಣ್ಣವನಿದ್ದಾಗ ನೀನು ಹೆದರಿ ನನ್ನ ಅಂಗಿ ಹರಿದ ಕತೆ ನೆನಪಿದೆಯಾ? ಈಗ ನಾನು ಜನರ ಕಡೆ ಮುಖ ಮಾಡಿ ನಿಲ್ಲಬೇಕು. ಬೇಡ ನನ್ನ ಬೆನ್ನ ಹಿಂದೆ ಕುಣಿಯುತ್ತಾನೆ, ನಾನು ನೋಡುವುದು ನೋಡುವವರ ಮುಖಗಳನ್ನು. ಬಂದೋಬಸ್ತಿಗೆ ನಿಂತವ ಯಾವ ಆಟವನ್ನೂ ನೋಡುವುದಿಲ್ಲ. ನಿನಗೂ ಅಷ್ಟೇ, ನಿನ್ನ ಪಾಲಿಗೆ ಬರುವುದು ಕಾರುಗಳ ಬಂಪರು.

ರಾತ್ರಿ ಬೀಟಿನ ಒಂದು ಸಂಗತಿ ಹೇಳುತ್ತೇನೆ. ಬೀಟು ಅಂದರೆ ಹೆಚ್ಚೇನೂ ಅಲ್ಲ. ಹವಾಲ್ದಾರರ ಜೊತೆ ಪೇಟೆ ಸುತ್ತುವುದು, ಬಂಗಾರದ ಅಂಗಡಿಗಳ ಬೀಗ ಜಗ್ಗಿ ನೋಡುವುದು. ಅಡಿಕೆ ಕೊಯ್ಲಿನ ದಿನಗಳಲ್ಲಿ ಅಂಗಳಗಳ ಕಡೆಗೂ ಒಂದು ಕಣ್ಣು, ಚಾಲಿಗೆ ಅಂತ ಒಣಗಲು ಹಾಕಿದ ಅಡಿಕೆ ಮೂಟೆಗಟ್ಟಲೆ ಮಾಯವಾಗುತ್ತದೆ. ಒಂದು ಚಳಿಯ ರಾತ್ರಿ, ಎರಡು ಗಂಟೆ ದಾಟಿತ್ತು, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಒಬ್ಬರು ಅಜ್ಜ. ಬಿಳಿ ಅಂಗಿ, ಪಂಚೆ, ಬರಿಗಾಲು. ಹೆಸರು ಕೇಳಿದರೆ ನಗುತ್ತಾರೆ. ಊರು ಕೇಳಿದರೆ "ಇಲ್ಲೇ" ಅಂತ ಕತ್ತಲೆಯ ಕಡೆ ಕೈ ಮಾಡುತ್ತಾರೆ. ಕಿಸೆಯಲ್ಲಿ ಚೀಟಿ ಇಲ್ಲ, ಫೋನಿಲ್ಲ. ಹವಾಲ್ದಾರರು ಠಾಣೆಗೆ ತಿಳಿಸಿ, ಯಾರಾದರೂ ಕಾಣೆ ಅಂತ ದೂರು ಬಂದಿದೆಯಾ ವಿಚಾರಿಸಿದರು. ಬಂದಿರಲಿಲ್ಲ. ಮನೆಯವರು ಏಳುವವರೆಗೆ ಬರುವುದೂ ಇಲ್ಲ.

ಚಹಾ ಕುಡಿಸುವಾಗ ನನ್ನ ಕಣ್ಣು ಅವರ ಅಂಗಿಯ ಮೇಲೆ ಹೋಯಿತು. ಗುಂಡಿಯ ಕಾಜಗಳು ಕೈಯಲ್ಲಿ ಮಾಡಿದ್ದು, ಮಿಷನ್ನಿನದ್ದಲ್ಲ. ಎದೆಯ ಎಡಗಡೆ ಒಳಕಿಸೆ. ಈಗ ಯಾರು ಒಳಕಿಸೆ ಇಡಿಸುತ್ತಾರೆ ಹೇಳು? "ಅಜ್ಜಾ, ಸ್ವಲ್ಪ ಬಗ್ಗಿ" ಅಂತ ಕಾಲರ್ ಹಿಂದೆ ಮಡಚಿ ಬ್ಯಾಟರಿ ಬಿಟ್ಟೆ. ಇತ್ತು ಲೇಬಲ್ಲು! ಪಕ್ಕದ ತಾಲ್ಲೂಕಿನ ಒಬ್ಬ ಟೇಲರಿನದ್ದು, ಮಾಸಿದ ಅಕ್ಷರ, ಕೆಳಗೆ ಮೊಬೈಲ್ ನಂಬರು. ಮೂರನೇ ಸಲಕ್ಕೆ ಫೋನು ಎತ್ತಿದ. ನಾನು ಬಾಯಿ ತೆರೆಯುವ ಮೊದಲೇ, "ನಾಳೆ ಸಂಜೆ ಖಂಡಿತ ಕೊಡ್ತೇನೆ ಸರ್, ಕಾಲರ್ ಒಂದೇ ಬಾಕಿ" ಅಂದ. ಎಲ್ಲ ಟೇಲರುಗಳ ಕನಸೂ ಒಂದೇ. ನಾನೂ ನಿನ್ನ ಜಾತಿಯವನೇ ಮಾರಾಯಾ ಅಂತ ಸಮಾಧಾನ ಮಾಡಿ ಅಂಗಿಯ ವರ್ಣನೆ ಕೊಟ್ಟೆ: ಕುತ್ತಿಗೆ ಹದಿನೈದೂವರೆ, ಅರ್ಧ ತೋಳು, ಕೈ ಕಾಜ, ಎಡಕ್ಕೆ ಒಳಕಿಸೆ. "ಒಳಕಿಸೆಯಾ? ಹಾಗೆ ಹೊಲಿಸೋರು ನನ್ನ ಗಿರಾಕಿಯಲ್ಲಿ ಒಬ್ಬರೇ" ಅಂದ.

ಬೆಳಗಾಗುವ ಹೊತ್ತಿಗೆ ಮಗ ಕಾರಿನಲ್ಲಿ ಬಂದ. ತಂದೆಯನ್ನು ಅಪ್ಪಿಕೊಂಡ, ಹವಾಲ್ದಾರರ ಕೈ ಹಿಡಿದು ಕಣ್ಣೀರು ಹಾಕಿದ, ಅವರ ಜೊತೆ ನಿಂತು ಫೋಟೊ ತೆಗೆಸಿಕೊಂಡ. ಫೋಟೊ ತೆಗೆದವ ನಾನು.

ಇನ್ನು ದುಡ್ಡಿನ ಮಾತು. ನಿನಗೆ ಅದು ಬೇಕಿಲ್ಲ, ಆದರೂ ಕೇಳು. ನಮ್ಮ ಲಾಂಛನದ ಮಾತು 'ನಿಷ್ಕಾಮ ಸೇವೆ'. ಕರೆದ ದಿನಕ್ಕೆ ಭತ್ಯೆ, ಕರೆಯದ ದಿನಕ್ಕೆ ಏನಿಲ್ಲ, ಪಿಂಚಣಿಯೂ ಇಲ್ಲ. ನನಗೆ ಮಿಷನ್ ಇದೆ, ಹಾಗಾಗಿ ಆ ಮಾತು ಚಂದ ಕೇಳಿಸುತ್ತದೆ. ನನ್ನ ಪಕ್ಕದಲ್ಲಿ ನಿಲ್ಲುವ ಒಬ್ಬಳು ತಂಗಿಗೆ ಈ ಭತ್ಯೆಯಲ್ಲೇ ಮಕ್ಕಳ ಫೀಸು ಹೋಗಬೇಕು. ಈ ತಿಂಗಳು ಎಷ್ಟು ದಿನ ಕರೀತಾರೆ ಅಂತ ಅವಳು ಬೆರಳು ಎಣಿಸುವಾಗ ನಿಷ್ಕಾಮ ಅನ್ನುವ ಶಬ್ದ ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಎರಡು ಬಾಯಿಯ ಕತ್ತರಿಯ ಹಾಗಿದೆ: ಇವರು ಸ್ವಯಂಸೇವಕರು, ಕಾಯಂ ಮಾಡಿ ಅಂತ ಕೇಳುವ ಹಾಗಿಲ್ಲ, ಆದರೆ 30 ದಿನ ದುಡಿದರೆ ಪೊಲೀಸರ ಕನಿಷ್ಠ ಸಂಬಳಕ್ಕೆ ಸಮ ಆಗುವಷ್ಟು ದಿನಭತ್ಯೆ ಕೊಡಿ. ಎರಡನೇ ಮಾತು ನ್ಯಾಯವೇ. ಆದರೆ ಆ ಮೂವತ್ತು ದಿನ ಕರೆಯುವವರು ಯಾರು? ಹೊಟ್ಟೆಪಾಡಿಗೆ ಬಂದವರನ್ನು ಸ್ವಯಂಸೇವಕರು ಅಂತ ಕರೆದು ಕೈತೊಳೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ನೀನು ಸಂಬಳದ ಕೆಲಸ ಇಟ್ಟುಕೊಂಡು ಭಾನುವಾರ ಸೀಟಿ ಊದುವವ. ನಿನ್ನ ಪಕ್ಕದಲ್ಲಿ ಖಾಕಿಯಲ್ಲಿ ನಿಂತ ಹೋಂ ಗಾರ್ಡು ಹಾಗಲ್ಲದೆ ಇರಬಹುದು. ಊಟದ ಹೊತ್ತಿಗೆ ಅವನನ್ನೂ ಕರೆ.

ಮನೆಯಲ್ಲಿ ಏನಂತಾರೆ ಅಂತ ಕೇಳಿದ್ದೀಯಲ್ಲ. ನಮ್ಮವಳದ್ದು ಒಂದೇ ದೂರು, ನನಗೆ 'ಇಲ್ಲ' ಅನ್ನಲು ಬರುವುದಿಲ್ಲ ಅಂತ. ಅದರಲ್ಲಿ ಹುರುಳಿದೆ. 2024ರ ಮೇ 7ಕ್ಕೆ ಲೋಕಸಭೆ ಮತದಾನ, ಅದರ ಹಿಂದಿನ ದಿನವೇ ಬೂತಿಗೆ ಹೊರಡಬೇಕಿತ್ತು. ಒಂಬತ್ತಕ್ಕೆ ಮದುವೆ ಇದ್ದ ಹುಡುಗಿಯ ಧಾರೆಯ ಬ್ಲೌಸು ನನ್ನ ಹತ್ತಿರ ಅರ್ಧಕ್ಕೆ ನಿಂತಿತ್ತು. ಬಂದು ಹೊಲಿದರಾಯ್ತು ಅಂದುಕೊಂಡೆ. ಬಂದದ್ದು ಏಳರ ಮಧ್ಯರಾತ್ರಿ, ಬಿಸಿಲಿಗೆ ಕಣ್ಣು ಉರಿಯುತ್ತಿತ್ತು, ಎಂಟರ ಬೆಳಿಗ್ಗೆ ಕೂತು ಎಡತೋಳನ್ನು ಬಲಕ್ಕೆ ಕೂಡಿಸಿಬಿಟ್ಟೆ. ಬಿಚ್ಚಿ ಹೊಲಿದು ಕೊಡುವಾಗ ರಾತ್ರಿ ಹನ್ನೊಂದು. ಆ ಹುಡುಗಿಯ ಅಮ್ಮ ಏನೂ ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. ಅವರು ಈಗ ಬೇರೆ ಟೇಲರ ಹತ್ತಿರ ಹೋಗುತ್ತಾರೆ.

ಹಾಗಾಗಿ ಸೇರು, ಆದರೆ ತಿಂಗಳಿಗೆ ಎಷ್ಟು ದಿನ ಅಂತ ಮೊದಲೇ ಹೆಂಡತಿಯ ಎದುರು ಹೇಳಿ ಸೇರು. ನೀನಿರುವ ಏರಿಯಾದಲ್ಲೇ ಪಾಯಿಂಟು ಕೇಳು. ಬೆಂಗಳೂರಲ್ಲಿ ನಿನಗೆ ಯಾರ ಪರಿಚಯವೂ ಇಲ್ಲ ಅಂತ ಪ್ರತಿ ಫೋನಿನಲ್ಲೂ ಗೋಳಾಡುತ್ತೀಯಲ್ಲ, ಆರು ತಿಂಗಳು ಒಂದೇ ಸಿಗ್ನಲ್ಲಿನಲ್ಲಿ ನಿಲ್ಲು, ಬೈಯುವುದಕ್ಕಾದರೂ ಜನ ಗುರುತು ಹಿಡಿಯುತ್ತಾರೆ.

ವಾರ್ಡನ್ನುಗಳ ಅಂಗಿ ಯಾವ ಬಣ್ಣ, ಕಿಸೆ ಎಷ್ಟು ಅಂತ ಸರಿಯಾಗಿ ನೋಡಿ ಫೋಟೊ ಕಳಿಸು. ಅಲ್ಲಿ ಹೊಲಿಸಬೇಡ, ನಾನೇ ಹೊಲಿದು ಬಸ್ಸಿಗೆ ಹಾಕುತ್ತೇನೆ. ಅಳತೆ ಬರೆಯುವಾಗ ಹೊಟ್ಟೆಯದ್ದು ಮಾತ್ರ ಸುಳ್ಳು ಹೇಳಬೇಡ, ಹೋದ ಸಲದ ಅಂಗಿಗೆ ನೀನು ಮಾಡಿದ್ದು ನನಗೆ ನೆನಪಿದೆ.

ನಿನ್ನ,
ಅರ್ಧ ಪೊಲೀಸ್