ಡಬ್ಬದ ಮೇಲಿನ ಮಾತನ್ನು ಯಾರು ಪರೀಕ್ಷಿಸಿದ್ದಾರೆ?

ಮಾನ್ಯ ಕೇಂದ್ರ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಾನು ಹಳ್ಳಿಯೊಂದರ ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ತೂಕ, ಎತ್ತರ ನೋಡುವ ದಿನ ತಾಯಂದಿರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ಟೀಚರ್, ಹಾಲಿಗೆ ಈ ಪೌಡರ್ ಹಾಕಿ ಕೊಟ್ರೆ ಮಗು ಉದ್ದ ಆಗುತ್ತಾ?" ಕಳೆದ ಸಲ ಒಬ್ಬರು ಡಬ್ಬವನ್ನೇ ತಂದಿದ್ದರು. ಕೂಲಿ ದುಡ್ಡಿನಲ್ಲಿ ಕೊಂಡದ್ದು. ಮುಂದುಗಡೆ ವಿಟಮಿನ್‌ಗಳ ಹೆಸರು, ಬೆಳವಣಿಗೆ, ಬುದ್ಧಿ, ರೋಗನಿರೋಧಕ ಶಕ್ತಿ, ಎಲ್ಲಾ ಇಂಗ್ಲಿಷ್‌ನಲ್ಲಿ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಸಕ್ಕರೆ. ಮಗುವಿನ ತೂಕ ಏರಿರಲಿಲ್ಲ. ವಿಚಾರಿಸಿದರೆ, ಡಬ್ಬ ಬಂದ ಮೇಲೆ ಮನೆಗೆ ಮೊಟ್ಟೆ ತರುವುದು ನಿಂತಿತ್ತು.

ವಿಟಮಿನ್ ಬೇಡ ಅಂತ ನಾನು ಹೇಳುತ್ತಿಲ್ಲ. ಎ ವಿಟಮಿನ್ ಕಡಿಮೆಯಾದರೆ ಇರುಳುಗಣ್ಣು ಬರುತ್ತದೆ. ಡಿ ಕಡಿಮೆಯಾದರೆ ಕಾಲಿನ ಮೂಳೆ ಬಾಗುತ್ತದೆ. ಅದಕ್ಕೇ ಅಲ್ವಾ, 9 ತಿಂಗಳಿಂದ 5 ವರ್ಷದವರೆಗೆ ಸರ್ಕಾರವೇ ಎ ವಿಟಮಿನ್ ಸಿರಪ್ ಕುಡಿಸುವುದು? ಮೊದಲ ಸಲ 1 ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷ. ಅಳತೆ ಮೀರುವಂತಿಲ್ಲ, ಕಾರ್ಡಿನಲ್ಲಿ ಬರೆಯದೆ ಬಿಡುವಂತಿಲ್ಲ. ಎ ಮತ್ತು ಡಿ ಮೈಯಲ್ಲೇ ಉಳಿಯುವಂಥವು, ಜಾಸ್ತಿಯಾದರೆ ಕೆಡುಕು.

ಕೊರತೆ ಇರುವ ಮಗುವಿಗೆ ವಿಟಮಿನ್ ಬೇಕು ಎನ್ನುವುದು ಒಂದು ಮಾತು. ಈ ಪೌಡರ್ ಕುಡಿದರೆ ಯಾವ ಮಗುವಾದರೂ ಎತ್ತರ ಆಗುತ್ತದೆ ಎನ್ನುವುದು ಬೇರೆಯೇ ಮಾತು. ಮೊದಲನೆಯದು ನಿಜ ಎಂದು ಜನರಿಗೆ ಗೊತ್ತು. ಆ ನಂಬಿಕೆಯ ಮೇಲೆ ಎರಡನೆಯದನ್ನು ಮಾರುತ್ತಾರೆ.

ಯುರೋಪಿನಲ್ಲಿ 2006ರ ಕಾನೂನು ಇದಕ್ಕೆ ಅಡ್ಡ ನಿಂತಿದೆ. ಮಕ್ಕಳ ಬೆಳವಣಿಗೆ, ಆರೋಗ್ಯದ ಬಗ್ಗೆ ಡಬ್ಬದ ಮೇಲೆ ಏನೇ ಬರೆಯಬೇಕಾದರೂ ಮೊದಲು ಅನುಮತಿ ಬೇಕು. ಇಟಲಿಯ ಪಾರ್ಮಾದಲ್ಲಿರುವ ಆಹಾರ ಸುರಕ್ಷತಾ ಸಂಸ್ಥೆಯ ವಿಜ್ಞಾನಿಗಳು ಮೂರು ವಿಷಯ ನೋಡುತ್ತಾರೆ. ಪದಾರ್ಥ ಯಾವುದು ಎಂಬುದು ಸ್ಪಷ್ಟವಿದೆಯೇ? ಹೇಳುತ್ತಿರುವ ಪರಿಣಾಮದಿಂದ ಮಗುವಿಗೆ ನಿಜಕ್ಕೂ ಒಳ್ಳೆಯದೇ? ಆ ಪರಿಣಾಮ ಈ ಪದಾರ್ಥದಿಂದಲೇ ಆಯಿತು ಎಂಬುದಕ್ಕೆ ಪುರಾವೆ ಇದೆಯೇ? ಮೂರನೆಯದರಲ್ಲೇ ಹೆಚ್ಚಿನವರು ಎಡವುವುದು. ಮಕ್ಕಳು ವರ್ಷ ಕಳೆದಂತೆ ಸುಮ್ನೆ ಬೆಳೆಯುತ್ತಲೇ ಇರುತ್ತಾರೆ. ಪೌಡರ್ ಕುಡಿದವರನ್ನು ಕುಡಿಯದವರ ಜೊತೆ ಹೋಲಿಸದೆ ಏನೂ ಗೊತ್ತಾಗುವುದಿಲ್ಲ. ಮಕ್ಕಳ ಮೂಳೆಯ ಸಹಜ ಬೆಳವಣಿಗೆಗೆ ಡಿ ವಿಟಮಿನ್ ಬೇಕು ಎಂಬ ಮಾತಿಗೆ 2009ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಬೆಳೆಯಲು ನೆರವಾಗುತ್ತದೆ ಎಂದು ಹೇಳಿಕೊಂಡ ಚಾಕೊಲೇಟ್ ಒಂದಕ್ಕೆ ಸಿಗಲಿಲ್ಲ. ಎರಡೂ ತೀರ್ಮಾನಗಳನ್ನು ಯಾರು ಬೇಕಾದರೂ ಓದಬಹುದು.

2008ರಲ್ಲಿ ಬ್ರಿಟನ್ನಿನ ನೇಪಾಳಿ ಚಾನೆಲ್‌ನಲ್ಲಿ ಹಾರ್ಲಿಕ್ಸ್ ಜಾಹೀರಾತೊಂದು ಬಂತು. ಮಕ್ಕಳು ಎತ್ತರ, ಗಟ್ಟಿ, ಚುರುಕು ಆಗುತ್ತಾರೆ ಎಂದು. ಅಲ್ಲಿನ ಜಾಹೀರಾತು ಪ್ರಾಧಿಕಾರ ಅದನ್ನು ತಡೆಯಿತು. ಅದು ಬಾಂಗ್ಲಾದೇಶಕ್ಕೆಂದು ಮಾಡಿದ್ದು ಎಂದಿತು ಕಂಪನಿ. ಇದನ್ನು ಓದಿದಾಗ ನನಗೆ ನೋವಾಯಿತು. ಲಂಡನ್ನಿನ ಮಗುವಿಗೆ ಹೇಳಬಾರದ್ದನ್ನು ನಮ್ಮ ಕಡೆಯ ಮಗುವಿಗೆ ಯಾಕೆ ಹೇಳಬೇಕು?

ನಮ್ಮಲ್ಲೂ 2018ರ ನಿಯಮ ಇದೆ, ಹೇಳಿಕೆಗೆ ವೈಜ್ಞಾನಿಕ ಆಧಾರ ಇರಬೇಕು ಎನ್ನುತ್ತದೆ. 2024ರ ಏಪ್ರಿಲ್‌ನಲ್ಲಿ ಇಂಥ ಪೇಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಕೇಂದ್ರವೇ ಹೇಳಿತು. ಒಳ್ಳೆಯ ಕೆಲಸ. ಆದರೆ ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಡಬ್ಬ ಅದೇ ಜಾಗದಲ್ಲಿದೆ.

ನನ್ನ ಬೇಡಿಕೆ ಇಷ್ಟು. ಚಿಕ್ಕ ಮಕ್ಕಳ ಬೆಳವಣಿಗೆ ಬಗ್ಗೆ ಡಬ್ಬದ ಮೇಲೆ ಹಾಕುವ ಪ್ರತಿ ಮಾತನ್ನೂ ಅಚ್ಚಾಗುವ ಮೊದಲೇ ಪರೀಕ್ಷಿಸಿ. ಪಾಸಾದದ್ದು, ಫೇಲಾದದ್ದು ಎರಡನ್ನೂ ಕಾರಣದ ಸಮೇತ ಕನ್ನಡದಲ್ಲಿ ಪ್ರಕಟಿಸಿ. ಆ ಪಟ್ಟಿ ಅಂಗನವಾಡಿಗೂ ಬರಲಿ. ಮುಂದಿನ ತೂಕದ ದಿನ ಆ ತಾಯಿ ಮತ್ತೆ ಬರುತ್ತಾರೆ. ಅವರಿಗೆ ತೋರಿಸಲು ನನ್ನ ಕೈಯಲ್ಲಿ ಒಂದು ಕಾಗದ ಬೇಕು.

ಇತಿ,
ಒಬ್ಬ ಅಂಗನವಾಡಿ ಕಾರ್ಯಕರ್ತೆ