ಬ್ಯಾಂಡ್ ಬಿಚ್ಚಿಟ್ರೆ ಮಗ ಸೋಮಾರಿ ಆಗ್ತಾನಾ?

ಗ್ರಾಹಕ ಸೇವಾ ಮ್ಯಾನೇಜರ್ ಅವರಿಗೆ,

ಫೋನ್ ಮಾಡಿ ಮಾಡಿ ಸಾಕಾಯ್ತು, ಮೇಲ್ ಹಾಕಿದ್ರೆ "ಸಂಪರ್ಕಿಸಿದ್ದಕ್ಕೆ ಧನ್ಯವಾದ" ಬಿಟ್ರೆ ಏನೂ ಬರಲ್ಲ. ಶಿರಸಿಲಿ ಆರನೇ ಕ್ಲಾಸ್ ಓದೋ ನನ್ನ ಮಗನ ಕೈಗೆ ಓಡಾಟ ಅಳೆಯೋ ನಿಮ್ಮ ಬ್ಯಾಂಡ್ ಬಂದಿದ್ದು ಸ್ಕೂಲ್ ಫೀಸ್ ಜೊತೆ ನಾನು ದುಡ್ಡು ಕಟ್ಟಿದ್ಮೇಲೇ, ಪುಕ್ಸಟ್ಟೆ ಅಲ್ಲ.

ಪೇರೆಂಟ್ಸ್ ಮೀಟಿಂಗಲ್ಲಿ ನಿಮ್ಮ ಕಡೆ ಹುಡುಗ ಪ್ರೊಜೆಕ್ಟರ್ ಹಾಕಿ ಎಲ್ಲ ಮಕ್ಕಳ ಚಾರ್ಟ್ ತೋರಿಸ್ದ, ಓಡಾಟ ಸಾಲ್ದು ಅಂತ ನನ್ನ ಮಗನ ಹೆಸರು ಕೆಂಪಲ್ಲಿ. "ಮನೇಲಿ ಮೊಬೈಲ್ ಜಾಸ್ತಿನಾ ಸರ್?" ಅಂದ. ಇಲ್ಲ, ದಿನಾ ಸೈಕಲ್ ಹೊಡೆದು ಏರು ಹತ್ತಿ ಮನೆಗೆ ಬರ್ತಾನೆ ಅಂದೆ. "ಸೈಕಲ್ ಇದ್ರಲ್ಲಿ ಬಂದಿಲ್ಲ ಸರ್." ಹ್ಯಾಂಡಲ್ ಹಿಡಿದ ಕೈ ಬೀಸಲ್ಲ ಮಾರಾಯಾ, ಹೆಂಗೆ ಬರ್ತದೆ? ಕಬಡ್ಡಿ ಆಡ್ವಾಗ ಪಿಟಿ ಮಾಸ್ತರ್ರು ಬಿಚ್ಚಿಸ್ತಾರೆ ಅಂದ್ರೆ, "ಬಿಚ್ಚಿದ್ರೆ ಸಿಸ್ಟಂ ಅದನ್ನ ಕೂತಿದ್ದು ಅಂತ ತಗೊಳ್ತದೆ ಸರ್" ಅಂತ ನಗ್ತಾ ಹೇಳ್ದ. ಹಿಂದಿಂದ ಯಾರೋ "ಮಾಣಿಗೆ ಹಲಸಿನ ಹಪ್ಪಳ ಕಮ್ಮಿ ಕೊಡಿ" ಅಂದ್ರು, ಇಡೀ ಹಾಲ್ ಗೊಳ್ಳಂತು. ಮಗ ನನ್ನ ಪಕ್ಕದಲ್ಲೇ ಕೂತಿದ್ದ ಸ್ವಾಮಿ. ಅದನ್ನ ಸಿಸ್ಟಂ ಸರಿಯಾಗೇ ತಗೊಂಡಿರ್ಬೇಕು.

ಮೈ ತಾಗೋ ಆಟ, ಈಜು ಇದ್ರೆ ಬಿಚ್ಚಿಡಿ, ಆ ಹೊತ್ತನ್ನ ಲೆಕ್ಕಕ್ಕೆ ಹಿಡಿಯಲ್ಲ ಅಂತ ನಿಮ್ಮದೇ ಪುಸ್ತಕದಲ್ಲಿದೆ. ಅಚ್ಚು ಹಾಕ್ಸಿದವರು ಓದಿರ್ತೀರಿ ಅಂದ್ಕೊಂಡಿದ್ದೇನೆ. ಮಕ್ಕಳು ಹತ್ತು ಸೆಕೆಂಡ್ ಓಡಿ ನಿಲ್ತಾರೆ, ಮತ್ತೆ ಓಡ್ತಾರೆ, ಅದಕ್ಕೇ ಅಳೆಯೋದು ಗೊತ್ತಿದ್ದವ್ರು 15 ಸೆಕೆಂಡ್ ಇಲ್ಲಾ ಇನ್ನೂ ಸಣ್ಣ ತುಂಡು ಮಾಡಿ ನೋಡ್ತಾರೆ, ನೀವು ನಿಮಿಷದ ಸರಾಸರಿ ತೆಗೆದು ಓಟನೆಲ್ಲ ನಡಿಗೆ ಮಾಡಿಟ್ಟಿದೀರಿ. ಒಂದು ದಿನ 60 ನಿಮಿಷದ ಚುರುಕು ಓಡಾಟ ತಪ್ಪಿದ್ರೂ ಕೆಂಪು ಬೇರೆ! 5ರಿಂದ 17 ವರ್ಷದ ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಸರಾಸರಿ ತೆಗೆದ್ರೆ ದಿನಕ್ಕೆ 60 ನಿಮಿಷ ಬರ್ಬೇಕು ಅಂತ. ಶಿರಸಿಲಿ ಆಷಾಢದ ಮಳೆ ಹಿಡಿದ್ರೆ ನೀವೂ ಕೆಂಪೇ.

ರಿಪೋರ್ಟ್ ತಿದ್ದಿ ಶಾಲೆಗೆ ಬರೆದು ಕೊಡಿ ಅಂತ ಕೇಳೋಣ ಅಂತಿದ್ದೆ, ಈಗ ಅದೂ ಬೇಡ. ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ, 2019ರ ಕಾಯ್ದೆ ಪ್ರಕಾರ ನಾನಿರೋ ಜಿಲ್ಲೇಲೇ ಕೇಸ್ ಹಾಕಬಹುದು, 5 ಲಕ್ಷದೊಳಗಿನದ್ದಕ್ಕೆ ಫೀಸೂ ಇಲ್ಲ. ತಾರೀಖು ತಾರೀಖಿಗೆ ಬೆಂಗಳೂರಿಂದ ಘಟ್ಟ ಇಳಿದು ಬರೋರು ನೀವು. ಬರುವಾಗ ಬ್ಯಾಂಡ್ ಕಟ್ಕೊಂಡೇ ಬನ್ನಿ, ನಮ್ಮ ರಸ್ತೆ ಹೊಂಡಕ್ಕೆ ಕಾರಲ್ಲಿ ಕೂತಲ್ಲೇ ಸುಮಾರು ಹೆಜ್ಜೆ ಬೀಳ್ತದೆ. ಕೆಂಪಲ್ಲಿದ್ದ ಬೇರೆ ಮಕ್ಕಳ ಅಪ್ಪ ಅಮ್ಮಂದಿರ ನಂಬರೂ ನನ್ನ ಹತ್ರ ಇದೆ, ನೋಟಿಸು ಒಂದೇ ಬರ್ತದೆ ಅಂದ್ಕೋಬೇಡಿ.

ಇಂತಿ,
ಕೆಂಪು ಮಾಣಿಯ ಅಪ್ಪ